ಫೈಲ್ ಜೋಡಿಸುವ ಕೆಲಸಕ್ಕೆ ಬ್ಯಾಚ್, ಪವರ್‌ಶೆಲ್, ಬ್ಯಾಶ್, ಪೈಥಾನ್: ನಿಮಗೆ ಯಾವುದು ಸರಿ?

ಡೌನ್‌ಲೋಡ್ಸ್ ಫೋಲ್ಡರ್ ಒಮ್ಮೆ ತೆರೆದು ನೋಡಿ. ‘ರಶೀದಿ (1)’, ‘ರಶೀದಿ (2)’, ‘ವರದಿ ಫೈನಲ್’, ‘ವರದಿ ಫೈನಲ್ ಹೊಸದು’, ಯಾವಾಗಲೋ ಇಳಿಸಿಕೊಂಡು ಮರೆತ ಸೆಟಪ್ ಫೈಲುಗಳು, ಹೆಸರಿನ ಬದಲು ಬರೀ ಅಂಕಿಗಳಿರುವ ಫೋಟೋಗಳು. ವಾರಕ್ಕೊಮ್ಮೆ ಕೂತು ಜೋಡಿಸೋಣ ಅಂದುಕೊಳ್ಳುತ್ತೇವೆ, ಆಗುವುದಿಲ್ಲ. ಕೊನೆಗೆ ಇದನ್ನೊಂದು ಸ್ಕ್ರಿಪ್ಟಿಗೆ, ಅಂದರೆ ಕಂಪ್ಯೂಟರ್ ತಾನೇ ಓಡಿಸುವ ಆದೇಶಗಳ ಪಟ್ಟಿಗೆ, ಒಪ್ಪಿಸಿಬಿಡೋಣ ಅನ್ನಿಸುತ್ತದೆ. ಅಲ್ಲಿಗೆ ಹೊಸ ಗೊಂದಲ ಶುರು. ಒಬ್ಬರು ಬ್ಯಾಚ್ ಫೈಲ್ ಸಾಕು ಅನ್ನುತ್ತಾರೆ, ಇನ್ನೊಬ್ಬರು ಪವರ್‌ಶೆಲ್ ಅನ್ನುತ್ತಾರೆ, ಮತ್ತೊಬ್ಬರು ಪೈಥಾನ್ ಕಲಿಯದೆ ದಾರಿಯೇ ಇಲ್ಲ ಅನ್ನುತ್ತಾರೆ.

ನನ್ನನ್ನು ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಒಂದೇ. ಭಾಷೆ ಆಮೇಲೆ ನೋಡೋಣ, ನಿಮ್ಮ ಕೆಲಸ ಏನು ಅಂತ ಒಂದು ವಾಕ್ಯದಲ್ಲಿ ಬರೆಯಿರಿ. ‘ಮೂವತ್ತು ದಿನಕ್ಕಿಂತ ಹಳೆಯ ಸೆಟಪ್ ಫೈಲುಗಳನ್ನು ಬೇರೆ ಫೋಲ್ಡರಿಗೆ ಹಾಕಬೇಕು.’ ‘ಫೋಟೋಗಳನ್ನು ತೆಗೆದ ತಿಂಗಳಿನ ಪ್ರಕಾರ ಬೇರೆ ಮಾಡಬೇಕು.’ ‘ದಿನಾ ರಾತ್ರಿ ಕೆಲಸದ ಫೋಲ್ಡರನ್ನು ಹೊರಗಿನ ಡ್ರೈವಿಗೆ ಕಾಪಿ ಮಾಡಬೇಕು.’ ಈ ಮೂರೂ ಬೇರೆ ಬೇರೆ ಕೆಲಸ. ಮೂರಕ್ಕೂ ಒಂದೇ ಸಾಧನ ಸರಿಹೋಗಲೇಬೇಕು ಅಂತೇನಿಲ್ಲ. ವಾಕ್ಯ ಬರೆಯಲು ಆಗದಿದ್ದರೆ ಸ್ಕ್ರಿಪ್ಟ್ ಬರೆಯುವ ಹೊತ್ತು ಇನ್ನೂ ಬಂದಿಲ್ಲ.

ಯಾವುದನ್ನು ನೋಡಿ ಆರಿಸಬೇಕು

ನಾನು ಮೊದಲು ನೋಡುವುದು, ತಪ್ಪಾದರೆ ಹಿಂದಕ್ಕೆ ಬರಲು ಆಗುತ್ತದೆಯೇ ಅನ್ನುವುದನ್ನು. ಇದಕ್ಕೆ ಕಾರಣ ಇದೆ.

ಕೆಲವು ವರ್ಷಗಳ ಹಿಂದೆ ಮನೆಯ ಫೋಟೋಗಳನ್ನು ವರ್ಷವಾರು ಜೋಡಿಸಲು ಒಂದು ಬ್ಯಾಚ್ ಫೈಲ್ ಬರೆದೆ. ಫೋಟೋಗಳು ಎರಡು ಕ್ಯಾಮೆರಾಗಳಿಂದ ಬಂದಿದ್ದವು. ಎರಡೂ ಕ್ಯಾಮೆರಾ ಫೈಲುಗಳಿಗೆ ಒಂದೇ ಬಗೆಯ ಹೆಸರು ಕೊಡುತ್ತಿದ್ದವು: ಮೂರು ಇಂಗ್ಲಿಷ್ ಅಕ್ಷರ, ಆಮೇಲೆ 0001ರಿಂದ ಎಣಿಕೆ. ಮೊದಲು ಫೈಲ್ ಸರಿಸುವ ಮೂವ್ ಕಮಾಂಡನ್ನು ವಿಂಡೋಸಿನ ಕಮಾಂಡ್ ಪ್ರಾಂಪ್ಟ್ ಅನ್ನುವ ಕಪ್ಪು ಕಿಟಕಿಯಲ್ಲಿ ಕೈಯಿಂದ ಟೈಪ್ ಮಾಡಿ ನೋಡಿದೆ. ಅದೇ ಹೆಸರಿನ ಫೈಲ್ ಅಲ್ಲಿದ್ದರೆ ‘ಅದರ ಮೇಲೆ ಬರೆಯಲೇ?’ ಅಂತ ಕೇಳಿತು. ಸರಿ, ಕೇಳುತ್ತದಲ್ಲ ಅಂತ ಧೈರ್ಯವಾಗಿ ಅದೇ ಸಾಲನ್ನು ಬ್ಯಾಚ್ ಫೈಲಿಗೆ ಹಾಕಿ ಓಡಿಸಿದೆ. ಈ ಕಮಾಂಡ್ ಬ್ಯಾಚ್ ಫೈಲಿನ ಒಳಗಿದ್ದಾಗ ಕೇಳುವುದಿಲ್ಲ, ಸೀದಾ ಮೇಲೆ ಬರೆದುಬಿಡುತ್ತದೆ. ಅದರ ಸಹಾಯ ಪುಟದಲ್ಲೇ ಇದು ಬರೆದಿದೆ, ನಾನು ಓದಿರಲಿಲ್ಲ. ಎರಡನೇ ಕ್ಯಾಮೆರಾದ ಫೋಟೋಗಳು ಮೊದಲನೆಯದರ ಮೇಲೆ ಕೂತವು. ಒಂದೂ ಎರರ್ ಬರಲಿಲ್ಲ. ಗೊತ್ತಾಗುವ ಹೊತ್ತಿಗೆ ಮೆಮೊರಿ ಕಾರ್ಡನ್ನೂ ಅಳಿಸಿಯಾಗಿತ್ತು. ಅಜ್ಜಿ ಮಗುವನ್ನು ಎತ್ತಿಕೊಂಡು ನಿಂತಿದ್ದ ಫೋಟೋವೊಂದು ಅದರಲ್ಲಿ ಹೋಯಿತು. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ.

ಹಾಗಾಗಿ ಯಾವ ಸಾಧನ ತೆಗೆದುಕೊಂಡರೂ ಈ ಮೂರು ಪ್ರಶ್ನೆ ಕೇಳಿ. ನಿಜವಾಗಿ ಓಡಿಸುವ ಮೊದಲು ಏನಾಗಲಿದೆ ಅಂತ ತೋರಿಸುತ್ತದೆಯೇ? ಅದೇ ಹೆಸರಿನ ಫೈಲ್ ಎದುರಾದರೆ ಏನು ಮಾಡುತ್ತದೆ? ಅಳಿಸಿದ್ದು ಕಸದಬುಟ್ಟಿಗೆ ಹೋಗುತ್ತದೆಯೋ, ಶಾಶ್ವತವಾಗಿ ಹೋಗುತ್ತದೆಯೋ?

ಉಳಿದ ಅಳತೆಗಳು ಇವು. ನಿಮ್ಮ ಬಳಿ ಇರುವುದು ವಿಂಡೋಸೋ, ಮ್ಯಾಕೋ, ಲಿನಕ್ಸೋ, ಇಲ್ಲ ಎರಡು ಬಗೆಯ ಕಂಪ್ಯೂಟರೋ? ಆರು ತಿಂಗಳು ಬಿಟ್ಟು ನೋಡಿದಾಗ ನೀವೇ ಬರೆದದ್ದು ನಿಮಗೆ ಅರ್ಥವಾಗುತ್ತದೆಯೇ? ಕನ್ನಡ ಹೆಸರಿನ ಫೈಲುಗಳನ್ನು ಸರಿಯಾಗಿ ನೋಡಿಕೊಳ್ಳುತ್ತದೆಯೇ? ಕಲಿಯಲು ನಿಮ್ಮ ಹತ್ತಿರ ಒಂದು ಸಂಜೆ ಇದೆಯೋ, ಒಂದು ತಿಂಗಳಿದೆಯೋ? ಹಣದ ಲೆಕ್ಕ ಇಲ್ಲಿ ಸುಲಭ. ಸ್ಕ್ರಿಪ್ಟ್ ಭಾಷೆಗಳೆಲ್ಲ ಉಚಿತ. ಸಿದ್ಧ ತಂತ್ರಾಂಶಗಳಲ್ಲಿ ಕೆಲವಕ್ಕೆ ಮಾತ್ರ ದುಡ್ಡು ಕೊಡಬೇಕು. ನಿಜವಾದ ಖರ್ಚು ನಿಮ್ಮ ಸಮಯದ್ದು.

ಸ್ಕ್ರಿಪ್ಟ್ ಬೇಡದ ದಾರಿ

ಕೆಲಸ ವರ್ಷಕ್ಕೊಂದೆರಡು ಸಲ ಬರುವಂಥದ್ದಾದರೆ ಸ್ಕ್ರಿಪ್ಟ್ ಬರೆಯಬೇಡಿ. ನೂರಾರು ಫೈಲುಗಳ ಹೆಸರು ಬದಲಿಸುವುದಷ್ಟೇ ಆಗಬೇಕಿದ್ದರೆ ವಿಂಡೋಸಿನಲ್ಲಿ ಪವರ್‌ಟಾಯ್ಸ್ ಹಾಕಿಕೊಳ್ಳಿ, ಉಚಿತವಾಗಿ ಸಿಗುತ್ತದೆ. ಅದರಲ್ಲಿರುವ ಪವರ್‌ರಿನೇಮ್ ಹಳೆ ಹೆಸರು, ಹೊಸ ಹೆಸರು ಎರಡನ್ನೂ ಪಕ್ಕಪಕ್ಕ ತೋರಿಸಿ, ನೀವು ಒಪ್ಪಿದ ಮೇಲೆ ಬದಲಿಸುತ್ತದೆ. ಮ್ಯಾಕಿನ ಫೈಂಡರಿನಲ್ಲಿ ಹಲವು ಫೈಲುಗಳನ್ನು ಆರಿಸಿಕೊಂಡು ಒಟ್ಟಿಗೆ ಹೆಸರು ಬದಲಿಸುವ ಸೌಲಭ್ಯ ಮೊದಲೇ ಇದೆ. ಮ್ಯಾಕಿನಲ್ಲಿ 2005ರಿಂದ ಆಟೋಮೇಟರ್ ಕೂಡ ಇದೆ. ಒಂದು ಫೋಲ್ಡರಿಗೆ ಹೊಸ ಫೈಲ್ ಬಿದ್ದ ಕೂಡಲೇ ಇಂಥ ಕೆಲಸ ಮಾಡು ಅಂತ ಅದಕ್ಕೆ ಹೇಳಿಡಬಹುದು.

ಮ್ಯಾಕ್ ಬಳಸುವವರಿಗೆ ಹೇಝಲ್ ಅನ್ನುವ ತಂತ್ರಾಂಶವೂ ಇದೆ. ಇದಕ್ಕೆ ದುಡ್ಡು ಕೊಡಬೇಕು. ಆದರೆ ‘ಹೆಸರಿನಲ್ಲಿ ಈ ಪದ ಇದ್ದರೆ ಈ ಫೋಲ್ಡರಿಗೆ ಹಾಕು’ ಅನ್ನುವ ನಿಯಮಗಳನ್ನು ಕ್ಲಿಕ್ ಮಾಡುತ್ತಲೇ ಕಟ್ಟಬಹುದು. ಕೋಡ್ ಕಂಡರೆ ಹಿಂಜರಿಯುವವರು ಇದಕ್ಕೆ ಕೊಡುವ ಹಣ ವ್ಯರ್ಥವಲ್ಲ. ಕೊರತೆ ಒಂದೇ. ಕಟ್ಟಿದ ನಿಯಮಗಳು ಆ ತಂತ್ರಾಂಶದೊಳಗೇ ಉಳಿಯುತ್ತವೆ, ನಾಳೆ ಲಿನಕ್ಸಿಗೆ ಹೋದರೆ ಜೊತೆಗೆ ಬರುವುದಿಲ್ಲ.

ಬ್ಯಾಚ್ ಫೈಲ್

ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಪಠ್ಯ ಫೈಲ್ ಇದು, ವಿಂಡೋಸಿಗಿಂತ ಹಿಂದಿನ ಡಾಸ್ ಕಾಲದಿಂದ ಬಂದದ್ದು. ವಿಂಡೋಸ್ ಇರುವ ಯಾವ ಕಂಪ್ಯೂಟರಿನಲ್ಲೂ ಏನನ್ನೂ ಹಾಕಿಕೊಳ್ಳದೆ ಓಡುತ್ತದೆ. ನೋಟ್‌ಪ್ಯಾಡಿನಲ್ಲಿ ನಾಲ್ಕು ಸಾಲು ಬರೆದು, ಸೇವ್ ಮಾಡಿ, ಡಬಲ್ ಕ್ಲಿಕ್ ಮಾಡಿದರೆ ಆಯಿತು. ಈ ಸುಲಭವೇ ಅದರ ಆಕರ್ಷಣೆ.

ಆದರೆ ನನ್ನ ಅನುಭವ ಮೇಲೆ ಹೇಳಿದೆ. ಇನ್ನೂ ತೊಡಕುಗಳಿವೆ. ದಿನಾಂಕದ ಫೋಲ್ಡರ್ ಮಾಡೋಣ ಅಂದರೆ ಬ್ಯಾಚ್ ಕೊಡುವ ದಿನಾಂಕದ ರೂಪ ಆ ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಮೇಲೆ ನಿಂತಿದೆ. ಒಂದರಲ್ಲಿ ದಿನ ಮೊದಲು ಬರುತ್ತದೆ, ಇನ್ನೊಂದರಲ್ಲಿ ತಿಂಗಳು. ನಿಮ್ಮಲ್ಲಿ ಚೆನ್ನಾಗಿ ಓಡಿದ್ದು ಸ್ನೇಹಿತರ ಕಂಪ್ಯೂಟರಿನಲ್ಲಿ ಅಡ್ಡಾದಿಡ್ಡಿ ಫೋಲ್ಡರ್ ಮಾಡುತ್ತದೆ. ಫೈಲ್ ಹೆಸರಿನಲ್ಲಿ ಶೇಕಡಾ ಚಿಹ್ನೆಯೋ ಆಶ್ಚರ್ಯ ಚಿಹ್ನೆಯೋ ಇದ್ದರೆ ಕೆಲವೊಮ್ಮೆ ಹೆಸರೇ ತಪ್ಪಾಗಿ ಓದಿಸಿಕೊಳ್ಳುತ್ತದೆ. ಫೈಲಿನೊಳಗೆ ಕನ್ನಡ ಬರೆಯಬೇಕಾದರೆ ಕೋಡ್ ಪೇಜ್ (ಅಕ್ಷರಗಳನ್ನು ಓದುವ ಸಂಕೇತಪಟ್ಟಿ) ಬದಲಿಸುವ ಸಾಲೊಂದನ್ನು ಬೇರೆ ಸೇರಿಸಬೇಕು.

ಇಷ್ಟಿದ್ದರೂ ಬ್ಯಾಚನ್ನು ನಾನು ಪೂರ್ತಿ ಬಿಟ್ಟಿಲ್ಲ. ಕಾರಣ ರೋಬೋಕಾಪಿ. ವಿಂಡೋಸ್ ವಿಸ್ತಾದಿಂದ ಇದು ವಿಂಡೋಸಿನ ಜೊತೆಗೇ ಬರುತ್ತದೆ. ಒಂದು ಫೋಲ್ಡರನ್ನು ಇನ್ನೊಂದು ಡ್ರೈವಿಗೆ ಕಾಪಿ ಮಾಡಿಡಲು ಇಷ್ಟು ಗಟ್ಟಿಯಾದದ್ದು ಸಿಗುವುದು ಕಷ್ಟ. ಬದಲಾದ ಫೈಲುಗಳನ್ನು ಮಾತ್ರ ಕಾಪಿ ಮಾಡುತ್ತದೆ, ಕಾಪಿ ಆಗದಿದ್ದರೆ ಮತ್ತೆ ಪ್ರಯತ್ನಿಸುತ್ತದೆ. ಅದರ ‘ಮಿರರ್’ ಆಯ್ಕೆಯನ್ನು ಮಾತ್ರ ಹುಷಾರಾಗಿ ಬಳಸಿ. ಮೂಲದಲ್ಲಿ ಇಲ್ಲದ್ದನ್ನೆಲ್ಲ ಅದು ಗುರಿ ಫೋಲ್ಡರಿನಿಂದ ಅಳಿಸುತ್ತದೆ. ಮೂಲ, ಗುರಿ ಎರಡನ್ನೂ ಅದಲುಬದಲು ಬರೆದರೆ ಬ್ಯಾಕಪ್ಪೇ ಕೆಲಸದ ಫೋಲ್ಡರನ್ನು ಒರೆಸಿಹಾಕುತ್ತದೆ. ಏನನ್ನೂ ಮಾಡದೆ ಪಟ್ಟಿ ಮಾತ್ರ ತೋರಿಸುವ ‘ಎಲ್’ ಆಯ್ಕೆ ಇರುವುದೇ ಇದಕ್ಕೆ. ಮೊದಲ ಸಲ ಅದನ್ನು ಹಾಕಿ ಓಡಿಸಿ.

ಇನ್ನೊಂದು ವಿಷಯ, ಬಹಳ ಜನ ಗಾಬರಿಯಾಗುವುದು ಇಲ್ಲಿ. ರೋಬೋಕಾಪಿ ಮುಗಿದಾಗ 1 ಅನ್ನುವ ಸಂಖ್ಯೆ ಬಂದರೆ ಕೆಲಸ ಕೆಟ್ಟಿದೆ ಅಂತ ಅರ್ಥವಲ್ಲ, ಫೈಲುಗಳು ಕಾಪಿ ಆಗಿವೆ ಅಂತ ಅರ್ಥ. 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮಾತ್ರ ಏನೋ ತಪ್ಪಾಗಿದೆ.

ಪವರ್‌ಶೆಲ್

ಮೈಕ್ರೋಸಾಫ್ಟಿನದೇ ಕಮಾಂಡ್ ಮತ್ತು ಸ್ಕ್ರಿಪ್ಟ್ ಭಾಷೆ ಇದು. ವಿಂಡೋಸ್ ಒಂದೇ ಬಳಸುವವರಿಗೆ ನಾನು ಹೇಳುವುದು ಇದನ್ನೇ. 2006ರಲ್ಲಿ ಬಂತು, 2016ರಲ್ಲಿ ಮುಕ್ತ ತಂತ್ರಾಂಶವಾಯಿತು. ವಿಂಡೋಸ್ 10, 11 ಎರಡರಲ್ಲೂ 5.1 ಆವೃತ್ತಿ ಮೊದಲೇ ಇರುತ್ತದೆ. ಹೊಸ 7ನೇ ಸಾಲಿನ ಆವೃತ್ತಿ ಬೇಕಾದರೆ ಬೇರೆಯಾಗಿ ಹಾಕಿಕೊಳ್ಳಬೇಕು. ಅದು ಮ್ಯಾಕ್, ಲಿನಕ್ಸುಗಳಲ್ಲೂ ಓಡುತ್ತದೆ.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ‘ವಾಟ್‌ಇಫ್’. ಫೈಲ್ ಸರಿಸುವ, ಅಳಿಸುವ, ಹೆಸರು ಬದಲಿಸುವ ಕಮಾಂಡಿನ ಕೊನೆಗೆ ಈ ಪದ ಸೇರಿಸಿದರೆ ಅದು ಕೆಲಸ ಮಾಡುವುದಿಲ್ಲ. ‘ಮಾಡಿದ್ದರೆ ಈ ಫೈಲ್ ಇಲ್ಲಿಂದ ಅಲ್ಲಿಗೆ ಹೋಗುತ್ತಿತ್ತು’ ಅಂತ ಒಂದೊಂದೇ ಸಾಲು ತೋರಿಸುತ್ತದೆ. ಓದಿ ನೋಡಿ, ಸರಿ ಅನ್ನಿಸಿದರೆ ಆ ಪದ ತೆಗೆದು ಓಡಿಸಿ. ಈ ಸೌಲಭ್ಯ ಭಾಷೆಯೊಳಗೇ ಕೂತಿರುವುದು ದೊಡ್ಡ ವಿಷಯ. ಇನ್ನೊಂದು ನೆಮ್ಮದಿ ಅಂದರೆ, ಸರಿಸುವ ಕಮಾಂಡ್ ಅದೇ ಹೆಸರಿನ ಫೈಲ್ ಕಂಡರೆ ಎರರ್ ಕೊಟ್ಟು ಆ ಫೈಲನ್ನು ಅಲ್ಲೇ ಬಿಡುತ್ತದೆ. ‘ಫೋರ್ಸ್’ ಅಂತ ನೀವೇ ಹೇಳಿದರಷ್ಟೇ ಮೇಲೆ ಬರೆಯುತ್ತದೆ. ನನ್ನ ಫೋಟೋಗಳಿಗೆ ಇದನ್ನು ಬಳಸಿದ್ದರೆ ಅವು ಉಳಿಯುತ್ತಿದ್ದವು. ಕಾಪಿ ಮಾಡುವ ಕಮಾಂಡ್ ಮಾತ್ರ ಹಾಗಲ್ಲ, ಕೇಳದೆ ಮೇಲೆ ಬರೆಯುತ್ತದೆ. ಅಳಿಸುವ ಕಮಾಂಡ್ ಕಸದಬುಟ್ಟಿಗೆ ಹಾಕುವುದಿಲ್ಲ, ನೇರವಾಗಿ ಅಳಿಸುತ್ತದೆ. ಅದಕ್ಕೇ ನಾನು ಸ್ಕ್ರಿಪ್ಟಿನಲ್ಲಿ ಅಳಿಸುವುದೇ ಇಲ್ಲ. ‘ಅಳಿಸಬಹುದು’ ಅಂತ ಒಂದು ಫೋಲ್ಡರ್ ಮಾಡಿ ಅಲ್ಲಿಗೆ ಸರಿಸುತ್ತೇನೆ.

ಶುರುವಿನಲ್ಲಿ ಎಡವುವ ಜಾಗಗಳೂ ಇವೆ. ಹೊಸ ಕಂಪ್ಯೂಟರಿನಲ್ಲಿ ಸ್ಕ್ರಿಪ್ಟ್ ಓಡಿಸಲು ಹೋದರೆ ಅನುಮತಿ ಇಲ್ಲ ಅಂತ ಕೆಂಪು ಅಕ್ಷರ ಬರುತ್ತದೆ. ಮನೆ ಬಳಕೆಯ ವಿಂಡೋಸಿನಲ್ಲಿ ಸ್ಕ್ರಿಪ್ಟ್ ಓಡದಂತೆ ತಡೆದಿರುತ್ತಾರೆ. ನಿಮ್ಮ ಖಾತೆಗೆ ಮಾತ್ರ ‘ರಿಮೋಟ್‌ಸೈನ್ಡ್’ (ಇಂಟರ್ನೆಟ್ಟಿನಿಂದ ಇಳಿಸಿದ, ಸಹಿ ಇಲ್ಲದ ಸ್ಕ್ರಿಪ್ಟನ್ನು ಮಾತ್ರ ತಡೆಯುವುದು) ಅಂತ ಒಮ್ಮೆ ಬದಲಿಸಿಕೊಂಡರೆ ಸಾಕು, ಎಲ್ಲವನ್ನೂ ತೆರೆದಿಡುವುದು ಬೇಡ. ಫೈಲ್ ಹೆಸರಿನಲ್ಲಿ ಚೌಕ ಆವರಣ ಇದ್ದರೆ ಪವರ್‌ಶೆಲ್ ಅದನ್ನು ಹುಡುಕಾಟದ ಚಿಹ್ನೆ ಅಂತ ತಿಳಿದು ಆ ಫೈಲನ್ನು ಕಾಣದೇ ಹೋಗುತ್ತದೆ. ಅಲ್ಲಿ ‘ಪಾತ್’ ಬದಲು ‘ಲಿಟರಲ್‌ಪಾತ್’ ಬಳಸಬೇಕು. ಇನ್ನು ಕನ್ನಡದ್ದು. 5.1 ಆವೃತ್ತಿಗೆ ಬರೆದ ಸ್ಕ್ರಿಪ್ಟಿನಲ್ಲಿ ಕನ್ನಡ ಪದಗಳಿದ್ದರೆ ಸೇವ್ ಮಾಡುವಾಗ ‘ಯುಟಿಎಫ್-8 ವಿತ್ ಬಿಒಎಂ’ (ಕನ್ನಡವನ್ನೂ ಹಿಡಿಸುವ ಅಕ್ಷರ ಸಂಕೇತ, ಅದರ ಗುರುತು ಫೈಲಿನ ಆರಂಭದಲ್ಲಿ) ಅಂತ ಆರಿಸಿ. ಇಲ್ಲದಿದ್ದರೆ ‘ರಶೀದಿ’ ಅಂತ ಬರೆದ ಜಾಗದಲ್ಲಿ ಅದು ಓದುವುದು ಬೇರೇನನ್ನೋ. ನಾನು ಒಂದು ಇಡೀ ಸಂಜೆ ಇದಕ್ಕೆ ಕಳೆದಿದ್ದೇನೆ.

ಬ್ಯಾಶ್

ಟರ್ಮಿನಲ್ಲಿನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಬಳಸುವ ಭಾಷೆ. ಲಿನಕ್ಸ್ ಬಳಸುವವರಿಗೆ ಇದು ಕೈಗೆ ಹತ್ತಿರದ್ದು. 1989ರಿಂದ ಇದೆ. ಹುಡುಕಲು ಫೈಂಡ್, ಕಾಪಿ ಮಾಡಲು ಆರ್‌ಸಿಂಕ್, ನಡುವೆ ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಕಳಿಸುವ ಪೈಪ್ ಸೇರಿಸಿದರೆ ಒಂದೇ ಸಾಲಿನಲ್ಲಿ ದೊಡ್ಡ ಕೆಲಸ ಆಗುತ್ತದೆ. ಬ್ಯಾಕಪ್ಪಿಗೆ ಆರ್‌ಸಿಂಕ್ ರೋಬೋಕಾಪಿಯಷ್ಟೇ ಗಟ್ಟಿ. ಅದರಲ್ಲೂ ‘ಡ್ರೈ ರನ್’ ಅಂತ ಮುಂಚೆ ತೋರಿಸುವ ಆಯ್ಕೆ ಇದೆ.

ಸುರಕ್ಷತೆಯಲ್ಲಿ ಮಾತ್ರ ಬ್ಯಾಶ್ ನಿಮ್ಮನ್ನು ಕಾಯುವುದಿಲ್ಲ. ಸರಿಸುವ ‘ಎಂವಿ’ ಸುಮ್ನೆ ಮೇಲೆ ಬರೆಯುತ್ತದೆ. ‘ಎನ್’ ಆಯ್ಕೆ ಕೊಟ್ಟರೆ ಮಾತ್ರ ಇರುವ ಫೈಲನ್ನು ಮುಟ್ಟುವುದಿಲ್ಲ. ಹೆಸರಿನಲ್ಲಿ ಖಾಲಿ ಜಾಗ ಇದ್ದರೆ ಇನ್ನೂ ಜಾಗ್ರತೆ ಬೇಕು. ‘ವರದಿ ಫೈನಲ್’ ಅನ್ನುವ ಫೈಲನ್ನು ಉದ್ಧರಣ ಚಿಹ್ನೆ ಇಲ್ಲದೆ ಕೊಟ್ಟರೆ ‘ವರದಿ’ ಒಂದು ಫೈಲ್, ‘ಫೈನಲ್’ ಇನ್ನೊಂದು ಫೈಲ್ ಅಂತ ತಿಳಿಯುತ್ತದೆ. ಫೈಂಡ್‌ನಲ್ಲಿ ‘ಡಿಲೀಟ್’ ಯಾವಾಗಲೂ ಸಾಲಿನ ಕೊನೆಯಲ್ಲೇ ಇರಬೇಕು. ಅದು ಎಡದಿಂದ ಬಲಕ್ಕೆ ಓದುತ್ತಾ ಹೋಗುತ್ತದೆ. ಷರತ್ತಿಗಿಂತ ಮೊದಲು ‘ಅಳಿಸು’ ಬಂದರೆ ಷರತ್ತು ನೋಡದೆ ಎಲ್ಲವನ್ನೂ ಅಳಿಸುತ್ತದೆ.

ಮ್ಯಾಕಿನಲ್ಲಿ ಬ್ಯಾಶ್ ಇದೆ, ಆದರೆ 2019ರ ಕ್ಯಾಟಲಿನಾ ಆವೃತ್ತಿಯಿಂದ ಅದರಂಥದ್ದೇ ಆದ ಝೆಡ್‌ಶೆಲ್ ಮೊದಲ ಆಯ್ಕೆಯಾಗಿದೆ. ಜೊತೆಗೆ ಬರುವ ಬ್ಯಾಶ್ ಹಳೆಯ 3.2 ಆವೃತ್ತಿ. ದಿನಾಂಕ ಕೊಡುವ ಕಮಾಂಡಿನಂಥವು ಲಿನಕ್ಸಿನಲ್ಲಿ ಇರುವ ಹಾಗೆ ಮ್ಯಾಕಿನಲ್ಲಿ ಇರುವುದಿಲ್ಲ. ಲಿನಕ್ಸಿಗೆ ಬರೆದದ್ದು ಮ್ಯಾಕಿನಲ್ಲಿ ಹಾಗೇ ಓಡುತ್ತದೆ ಅಂತ ನಂಬಬೇಡಿ. ವಿಂಡೋಸಿನಲ್ಲಿ ಡಬ್ಲ್ಯೂಎಸ್‌ಎಲ್ (ವಿಂಡೋಸಿನೊಳಗೆ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿಕೊಂಡು ಬ್ಯಾಶ್ ಬಳಸಬಹುದು. ಆದರೆ ಬರೀ ಫೈಲ್ ಜೋಡಿಸಲು ಅಷ್ಟು ಸುತ್ತುವುದು ಬೇಡ.

ಪೈಥಾನ್

ಕಲಿಯಲು ಸಮಯ ಇದ್ದರೆ ಕೊನೆಯವರೆಗೂ ಜೊತೆ ಬರುವುದು ಇದು. ಆರು ತಿಂಗಳ ನಂತರ ಓದಿದರೂ ಅರ್ಥವಾಗುತ್ತದೆ. ಮೂರೂ ಬಗೆಯ ಕಂಪ್ಯೂಟರಿನಲ್ಲಿ ಓಡುತ್ತದೆ. ಬರೆದ ಸ್ಕ್ರಿಪ್ಟನ್ನು ಯುಟಿಎಫ್-8 ಅಂತಲೇ ಓದುವುದರಿಂದ ಕನ್ನಡ ಬರೆಯಲು ತೊಂದರೆ ಇಲ್ಲ. ಫೈಲಿನ ದಾರಿ, ಹೆಸರು, ವಿಸ್ತರಣೆ (ಹೆಸರಿನ ಕೊನೆಯ ಚುಕ್ಕೆಯ ನಂತರದ ಭಾಗ) ಇವುಗಳನ್ನು ಬೇರೆ ಮಾಡಲು ಪಾತ್‌ಲಿಬ್ ಅದರ ಜೊತೆಗೇ ಬರುತ್ತದೆ. ವಿಂಡೋಸಿನಲ್ಲೂ ಈಗಿನ ಮ್ಯಾಕಿನಲ್ಲೂ ಪೈಥಾನನ್ನು ನಾವೇ ಹಾಕಿಕೊಳ್ಳಬೇಕು.

ಫೈಲಿನ ಒಳಗೆ ನೋಡಬೇಕಾದಾಗ ಇದರ ನಿಜವಾದ ಬೆಲೆ ಗೊತ್ತಾಗುತ್ತದೆ. ಫೋಟೋವನ್ನೇ ತೆಗೆದುಕೊಳ್ಳಿ. ಫೈಲಿನ ದಿನಾಂಕ ನಂಬಿ ಜೋಡಿಸಿದರೆ ತಪ್ಪುತ್ತದೆ. ವಿಂಡೋಸಿನಲ್ಲಿ ಒಂದು ಡ್ರೈವಿನಿಂದ ಇನ್ನೊಂದಕ್ಕೆ ಕಾಪಿ ಮಾಡಿದಾಗ ‘ಸೃಷ್ಟಿಸಿದ ದಿನ’ ಕಾಪಿ ಮಾಡಿದ ದಿನವಾಗಿಬಿಡುತ್ತದೆ. ನಿಜವಾಗಿ ಕ್ಲಿಕ್ಕಿಸಿದ ದಿನ ಫೋಟೋದೊಳಗೆ ಎಕ್ಸಿಫ್ ಮಾಹಿತಿಯಲ್ಲಿ ಇರುತ್ತದೆ. ಪಿಲ್ಲೋ ಅನ್ನುವ ಲೈಬ್ರರಿಯಿಂದ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಅದನ್ನು ಓದಬಹುದು. ಒಂದೇ ಫೈಲಿನ ಎರಡು ಮೂರು ಪ್ರತಿಗಳನ್ನು ಹುಡುಕುವುದೂ ಹೀಗೇ. ಮೊದಲು ಗಾತ್ರ ಹೋಲಿಸಿ, ಗಾತ್ರ ಒಂದೇ ಇದ್ದವುಗಳ ಹ್ಯಾಶ್ (ಫೈಲಿನ ಒಳಗಿನದ್ದರಿಂದ ಬರುವ, ಬೆರಳಚ್ಚಿನಂಥ ಸಂಕೇತ) ಮಾತ್ರ ಲೆಕ್ಕ ಹಾಕಿದರೆ ಸಾವಿರಾರು ಫೈಲುಗಳೂ ಬೇಗ ಮುಗಿಯುತ್ತವೆ. ಅಳಿಸಿದ್ದು ಕಸದಬುಟ್ಟಿಗೆ ಹೋಗಲಿ ಅಂದರೆ ಸೆಂಡ್‌2ಟ್ರ್ಯಾಶ್ ಅನ್ನುವ ಪುಟ್ಟ ಲೈಬ್ರರಿ ಇದೆ.

ಎಚ್ಚರ ಬೇಕಾದ ಕಡೆ ಒಂದಿದೆ. ಹೆಸರು ಬದಲಿಸುವ ‘ರಿನೇಮ್’ ವಿಂಡೋಸಿನಲ್ಲಿ ಅದೇ ಹೆಸರಿನ ಫೈಲ್ ಕಂಡರೆ ಎರರ್ ಕೊಡುತ್ತದೆ. ಮ್ಯಾಕ್, ಲಿನಕ್ಸಿನಲ್ಲಿ ಸದ್ದಿಲ್ಲದೆ ಮೇಲೆ ಬರೆಯುತ್ತದೆ. ಒಂದೇ ಸಾಲು, ಎರಡು ಕಡೆ ಎರಡು ನಡತೆ. ಹಾಗಾಗಿ ಸರಿಸುವ ಮೊದಲು ಆ ಹೆಸರು ಅಲ್ಲಿದೆಯೇ ಅಂತ ನೀವೇ ಪರೀಕ್ಷಿಸಿ, ಇದ್ದರೆ ಕೊನೆಗೆ ಒಂದು ಅಂಕಿ ಸೇರಿಸಿ. ‘ವಾಟ್‌ಇಫ್’ ತರಹದ್ದೂ ಇಲ್ಲಿಲ್ಲ, ನೀವೇ ಬರೆದುಕೊಳ್ಳಬೇಕು. ನಾನು ಪ್ರತಿ ಸ್ಕ್ರಿಪ್ಟಿನ ಮೇಲ್ಗಡೆ ‘ಪರೀಕ್ಷೆ’ ಅಂತ ಒಂದು ಗುರುತು ಇಟ್ಟಿರುತ್ತೇನೆ. ಅದು ಆನ್ ಇದ್ದಾಗ ಸ್ಕ್ರಿಪ್ಟ್ ಪ್ರಿಂಟ್ ಮಾತ್ರ ಮಾಡುತ್ತದೆ.

ಯಾವುದನ್ನೇ ಆರಿಸಿದರೂ

ತಾನಾಗಿ ಓಡಬೇಕು ಅಂದರೆ ವಿಂಡೋಸಿನಲ್ಲಿ ಟಾಸ್ಕ್ ಶೆಡ್ಯೂಲರ್, ಮ್ಯಾಕಿನಲ್ಲಿ ಲಾಂಚ್‌ಡಿ, ಲಿನಕ್ಸಿನಲ್ಲಿ ಕ್ರಾನ್. ಆ ಹೊತ್ತಿಗೆ ಕಂಪ್ಯೂಟರ್ ಆಫ್ ಆಗಿದ್ದರೆ ಕ್ರಾನ್ ಆ ಸರದಿಯನ್ನು ಬಿಟ್ಟೇಬಿಡುತ್ತದೆ. ಟಾಸ್ಕ್ ಶೆಡ್ಯೂಲರಿನಲ್ಲಿ ತಪ್ಪಿಹೋದದ್ದನ್ನು ಆಮೇಲೆ ಓಡಿಸುವ ಒಂದು ಟಿಕ್ ಇದೆ, ಹುಡುಕಿ ಹಾಕಿ. ಆದರೆ ಮೊದಲ ಎರಡು ವಾರ ಕೈಯಿಂದಲೇ ಓಡಿಸಿ.

ಡೌನ್‌ಲೋಡ್ಸ್ ಫೋಲ್ಡರಿನ ಮೇಲೆ ಓಡುವ ಸ್ಕ್ರಿಪ್ಟ್ ಅರ್ಧ ಇಳಿದ ಫೈಲುಗಳನ್ನು ಮುಟ್ಟಬಾರದು. ಕ್ರೋಮ್ ಅಂಥವಕ್ಕೆ ‘ಸಿಆರ್‌ಡೌನ್‌ಲೋಡ್’, ಫೈರ್‌ಫಾಕ್ಸ್ ‘ಪಾರ್ಟ್’ ಅಂತ ವಿಸ್ತರಣೆ ಕೊಡುತ್ತವೆ, ಅವನ್ನು ಬಿಡಿ. ಕೊನೆಯ ಒಂದು ಗಂಟೆಯಲ್ಲಿ ಬದಲಾದ ಫೈಲುಗಳನ್ನೂ ಬಿಟ್ಟರೆ ಇನ್ನೂ ಒಳ್ಳೆಯದು. ಕ್ಲೌಡ್ ಜೊತೆ ಹೊಂದಿಸಿದ ಫೋಲ್ಡರಿನಲ್ಲಿ ಹ್ಯಾಶ್ ಲೆಕ್ಕ ಹಾಕಲು ಹೋದರೆ, ಹೆಸರು ಮಾತ್ರ ಇಲ್ಲಿದ್ದು ಒಳಗಿನದ್ದು ಅಲ್ಲಿರುವ ಫೈಲುಗಳೆಲ್ಲ ಒಂದೊಂದಾಗಿ ಇಳಿಯತೊಡಗುತ್ತವೆ. ಡಿಸ್ಕ್ ತುಂಬುವುದು ಹೀಗೆ.

ಕನ್ನಡ ಹೆಸರುಗಳದ್ದು ಇನ್ನೊಂದು ಸೂಕ್ಷ್ಮ. ‘ರಶೀದಿ’ಯ ‘ಶೀ’ಯಲ್ಲಿರುವ ದೀರ್ಘವನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಗುಡಿಸು ಮತ್ತು ದೀರ್ಘ ಅಂತ ಎರಡು ಸಂಕೇತವಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಸ್ಕ್ರಿಪ್ಟಿಗೆ ಬೇರೆ ಬೇರೆ. ಮ್ಯಾಕಿನಿಂದ ಬಂದ ಹಳೆಯ ಫೈಲುಗಳಲ್ಲಿ ಇದು ಎದುರಾಗಬಹುದು. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವ ಸೌಲಭ್ಯ ಪೈಥಾನಿನಲ್ಲೂ ಪವರ್‌ಶೆಲ್‌ನಲ್ಲೂ ಇದೆ, ಬ್ಯಾಚಿನಲ್ಲಿ ಇಲ್ಲ. ಕನ್ನಡದಲ್ಲಿ ಹೆಸರಿಡುವವರು ಬ್ಯಾಚನ್ನು ಬಿಡಲು ಇದೊಂದೇ ಸಾಕು ಅಂತ ನನ್ನ ಅಭಿಪ್ರಾಯ.

ಎಐ ಕೈಲಿ ಸ್ಕ್ರಿಪ್ಟ್ ಬರೆಸಿಕೊಳ್ಳುವವರು ಈಗ ಜಾಸ್ತಿ. ಬರೆಸಿಕೊಳ್ಳಿ, ಆದರೆ ಮೇಲಿನ ಮೂರು ಪ್ರಶ್ನೆಗಳನ್ನೂ ಕೇಳಿ ಬರೆಸಿ. ಸರಿಸುವ ಸಾಲು, ಅಳಿಸುವ ಸಾಲು ಎಲ್ಲಿದೆ ಅಂತ ನಿಮಗೆ ಬೆರಳಿಟ್ಟು ತೋರಿಸಲು ಆಗದಿದ್ದರೆ ಓಡಿಸಬೇಡಿ.

ಹಾಗಾದರೆ ಯಾರಿಗೆ ಯಾವುದು

ದಿನಾ ಬ್ಯಾಕಪ್ ಒಂದೇ ಬೇಕಾ? ವಿಂಡೋಸಾದರೆ ರೋಬೋಕಾಪಿಯ ಒಂದು ಸಾಲು, ಉಳಿದವರಿಗೆ ಆರ್‌ಸಿಂಕ್. ಬೇರೇನನ್ನೂ ಕಲಿಯಬೇಡಿ. ವಿಂಡೋಸ್ ಬಿಟ್ಟು ಎಲ್ಲೂ ಹೋಗುವುದಿಲ್ಲ, ಹೆಸರು ಮತ್ತು ದಿನಾಂಕ ನೋಡಿ ಜೋಡಿಸಿದರೆ ಸಾಕು ಅನ್ನುವವರಿಗೆ ಪವರ್‌ಶೆಲ್, ಎರಡು ಮೂರು ಸಂಜೆಯಲ್ಲಿ ಕೈಗೆ ಬರುತ್ತದೆ. ಟರ್ಮಿನಲ್ ರೂಢಿ ಇರುವ ಲಿನಕ್ಸ್ ಬಳಕೆದಾರರು ಬ್ಯಾಶ್‌ನಲ್ಲೇ ಇರಿ. ಸ್ಕ್ರಿಪ್ಟ್ ಐವತ್ತು ಸಾಲು ದಾಟಿತು ಅಂದಾಗ ಪೈಥಾನಿಗೆ ಬನ್ನಿ. ಫೋಟೋ, ಒಂದೇ ಫೈಲಿನ ಹಲವು ಪ್ರತಿ, ಎರಡು ಬಗೆಯ ಕಂಪ್ಯೂಟರ್, ಇವುಗಳಲ್ಲಿ ಒಂದಿದ್ದರೂ ಶುರುವಿನಿಂದಲೇ ಪೈಥಾನ್. ಮ್ಯಾಕ್ ಇದೆ, ಕೋಡ್ ಬೇಡ ಅಂದರೆ ಆಟೋಮೇಟರ್ ನೋಡಿ, ಸಾಲದಿದ್ದರೆ ಹೇಝಲ್.

ಆರಿಸಿಯಾದ ಮೇಲೆ ಮೊದಲ ದಿನ ಹೀಗೆ ಮಾಡಿ. ಇಪ್ಪತ್ತು ಫೈಲುಗಳನ್ನು ಬೇರೊಂದು ಫೋಲ್ಡರಿಗೆ ಕಾಪಿ ಮಾಡಿಕೊಳ್ಳಿ. ಅದರಲ್ಲಿ ಬೇಕಂತಲೇ ಒಂದೇ ಹೆಸರಿನ ಎರಡು ಫೈಲ್ ಬೇರೆ ಬೇರೆ ಉಪಫೋಲ್ಡರಿನಲ್ಲಿ ಇರಲಿ. ಖಾಲಿ ಜಾಗ ಇರುವ ಹೆಸರು ಒಂದು, ಚೌಕ ಆವರಣ ಇರುವುದೊಂದು, ಕನ್ನಡ ಹೆಸರಿನದ್ದೊಂದು ಇರಲಿ. ಸ್ಕ್ರಿಪ್ಟ್ ಸರಿಸಿದ ಪ್ರತಿ ಫೈಲಿಗೂ ‘ಹಳೆ ಜಾಗ, ಹೊಸ ಜಾಗ’ ಅಂತ ಒಂದು ಸಾಲನ್ನು ಪಠ್ಯ ಫೈಲಿಗೆ ಬರೆಯಲಿ. ಏನಾದರೂ ಎಡವಟ್ಟಾದರೆ ಆ ಪಟ್ಟಿಯನ್ನು ಕೊನೆಯಿಂದ ಓದಿ ಎಲ್ಲವನ್ನೂ ಹಿಂದಕ್ಕೆ ತರಬಹುದು. ಓಡಿಸುವ ಮೊದಲು ಫೈಲುಗಳನ್ನು ಎಣಿಸಿ, ಓಡಿಸಿದ ಮೇಲೆ ಮತ್ತೆ ಎಣಿಸಿ. ಇಪ್ಪತ್ತು ಇದ್ದದ್ದು ಇಪ್ಪತ್ತೇ ಇದ್ದರೆ ಆಗ ನಿಜವಾದ ಫೋಲ್ಡರಿಗೆ ಕೈ ಹಾಕಿ.